ದುರ್ಗದಬೈಲಿನ ಮೇಲಂತಸ್ತು ಖಾಲಿ, ಕಲಾವಿದರಿಗೆ ಗ್ವಾಡಿ ಇಲ್ಲ: ಹಂಚಿಕೊಂಡ ಸ್ಟುಡಿಯೋದ ಲೆಕ್ಕ

ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಕೇಳ್ತಾ ಇದ್ದರೆ ಮೊದಲು ಕಂಬ ಗಟ್ಟಿಯಾಗಿ ಹಿಡ್ಕೊಳ್ರಿ, ಯಾಕಂದ್ರೆ ಇವತ್ತಿನ ಸಂಚಿಕೆಯಲ್ಲಿ ಸ್ವಲ್ಪ ಲೆಕ್ಕ ಐತಿ. ಕೇಳುಗರೊಬ್ಬರು ಧ್ವನಿ ಸಂದೇಶ ಕಳಿಸಿದ್ದರು: "ಆರ್ಟಿಸ್ಟ್ ರೆಸಿಡೆನ್ಸಿ ಅಂತ ಇನ್‌ಸ್ಟಾಗ್ರಾಂನಾಗ ಎಲ್ಲಾ ಕಡೆ ಬರ್ತೈತಲ್ರೀ, ಅದೇನು ಲಾಡ್ಜೋ, ಹಾಸ್ಟೆಲ್ಲೋ?" ಕೇಳಿ ನಕ್ಕೆ. ಆಮೇಲೆ ಉತ್ತರ ಹೇಳೋಕೆ ಕೂತಾಗ ಇದು ಒಂದು ಇಡೀ ಸಂಚಿಕೆಯ ವಿಷಯ ಅನ್ನಿಸಿತು.

ಸರಳವಾಗಿ ಹೇಳಬೇಕಂದ್ರೆ ಹಿಂಗ. ಸ್ಟುಡಿಯೋ ಅಂದ್ರೆ ಕಲಾವಿದ ಕೆಲಸ ಮಾಡೋ ಜಾಗ. ಬಣ್ಣ ಚೆಲ್ಲಿದರೆ ಯಾರೂ ಬೈಯಬಾರದು, ಅರ್ಧ ಆದ ಚಿತ್ರ ಮೂರು ವಾರ ಗೋಡೆಗೆ ಆನಿಸಿ ಇಟ್ಟರೆ ಯಾರೂ ಸರಿಸಬಾರದು, ಅಷ್ಟೇ ಅದರ ಅರ್ಹತೆ. ರೆಸಿಡೆನ್ಸಿ ಅಂದ್ರೆ ಇನ್ನೊಂದು ಊರಿನ ಕಲಾವಿದ ಒಂದು ತಿಂಗಳೋ ಮೂರು ತಿಂಗಳೋ ಬಂದು, ಅಲ್ಲೇ ಉಳಿದು, ಅಲ್ಲೇ ಕೆಲಸ ಮಾಡಿ ಹೋಗೋ ವ್ಯವಸ್ಥೆ. ಇವೆರಡನ್ನೂ ಒಬ್ಬರೇ ಶ್ರೀಮಂತರಲ್ಲದೆ ನಾಲ್ಕಾರು ಕಲಾವಿದರು ಕೂಡಿ ನಡೆಸಿದರೆ ಅದು ಸಹಭಾಗಿತ್ವದ ಸ್ಟುಡಿಯೋ. ಬಾಡಿಗೆ ಹಂಚಿಕೆ, ಕಸಬರಿಗೆ ಹಂಚಿಕೆ, ಚಹಾ ಹಂಚಿಕೆ, ಜಗಳನೂ ಹಂಚಿಕೆ.

ಇದನ್ನ ದುರ್ಗದಬೈಲಿಗೆ ಯಾಕೆ ತಂದೆ ಅಂತ ಕೇಳ್ತೀರಿ. ನಾನು ಬಿ.ಕಾಂ ಓದಿದವನು. ಎಲ್ಲಾದರೂ ಖಾಲಿ ಜಾಗ ಕಂಡರೆ "ಇದರಿಂದ ಎಷ್ಟು ಬರ್ತಿತ್ತು" ಅಂತ ಮನಸ್ಸು ಲೆಕ್ಕ ಹಾಕತೈತಿ, ಅದೊಂದು ರೋಗ. ದುರ್ಗದಬೈಲಿನಲ್ಲಿ ನಿಂತು ಸ್ವಲ್ಪ ತಲೆ ಎತ್ತಿ ನೋಡ್ರಿ. ನೆಲದ ಮಟ್ಟದಲ್ಲಿ ಒಂದು ಮೊಳ ಜಾಗಕ್ಕೂ ಬಡಿದಾಟ. ಬಟ್ಟೆ, ಪಾತ್ರೆ, ಬಳೆ, ಪೂಜಾ ಸಾಮಾನು, ಚಪ್ಪಲಿ. ಮೇಲೆ ನೋಡಿದರೆ ಮುಚ್ಚಿದ ಕಿಟಕಿ, ಧೂಳು ಹಿಡಿದ ಮರದ ಕಟಾಂಜನ, ಒಳಗೆ ರಟ್ಟಿನ ಡಬ್ಬಿ. ಮನೆಯವರು ವಿದ್ಯಾನಗರ, ಕೇಶ್ವಾಪುರದ ಕಡೆ ಹೋಗಿ ನೆಲೆಸಿದ ಮೇಲೆ ಎಷ್ಟೋ ಹಳೆ ಕಟ್ಟಡಗಳ ಮೇಲಂತಸ್ತು ಅರ್ಧ ಗೋದಾಮು, ಅರ್ಧ ಪಾರಿವಾಳದ ಗೂಡು.

ಆದರೆ ಇದೇ ಬೈಲು ಜಾಗ ಹಂಚಿಕೊಳ್ಳೋದನ್ನ ನಮಗೆಲ್ಲಾ ಕಲಿಸೈತಿ. ಹಗಲೆಲ್ಲಾ ಅಂಗಡಿ ಮುಂದಿನ ಜಾಗ ಗಿರಾಕಿಗಳದ್ದು, ದ್ವಿಚಕ್ರ ವಾಹನಗಳದ್ದು. ಸಂಜೆ ಆದಂಗ ಅಲ್ಲೇ ಒಲೆ ಹತ್ತತಾವ, ಗಿರಮಿಟ್ ಕಲಸೋ ಸದ್ದು, ಮಿರ್ಚಿ ಭಜಿ ಎಣ್ಣೆಗೆ ಬೀಳೋ ಸದ್ದು, ದೋಸೆ ತವಾದ ಮೇಲೆ ನೀರು ಚಿಮುಕಿಸೋ ಸದ್ದು. ಹನ್ನೆರಡು ತಾಸು ಒಬ್ಬರಿಗೆ, ನಾಲ್ಕು ತಾಸು ಇನ್ನೊಬ್ಬರಿಗೆ. ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಇದಕ್ಕೆ ದೊಡ್ಡ ಹೆಸರು ಕೊಟ್ಟು ಒಂದು ಅಧ್ಯಾಯ ಬರೀತಾರೆ. ಇಲ್ಲಿ ಭಜಿ ಅಂಗಡಿಯವರು ಅದನ್ನ ದಿನಾ ಮಾಡಿ ತೋರಿಸ್ತಾರೆ.

ನನ್ನ ಗೆಳತಿಯೊಬ್ಬಳು ಚಿತ್ರ ಬರೀತಾಳೆ. ಇಲ್ಲೇ ಲಲಿತಕಲಾ ಪದವಿ ಮುಗಿಸಿದವಳು. ದೊಡ್ಡ ಅಳತೆಯ ಕ್ಯಾನ್ವಾಸ್ ಅವಳದ್ದು, ಆರು ಅಡಿ ಎಂಟು ಅಡಿ. ಬಾಡಿಗೆ ಕೋಣೆಯ ಮಾಲೀಕರು ಟರ್ಪೆಂಟೈನ್ ವಾಸನೆ ಬರತೈತಿ ಅಂತ ಎರಡು ಸಲ ಬಿಡಿಸಿದರು. ಈಗ ಬೆಂಗಳೂರಿಗೆ ಹೋಗೋ ತಯಾರಿಯಲ್ಲಿದ್ದಾಳೆ. "ಅಲ್ಲಿ ಹೋದರ ಅರ್ಧ ಪಗಾರ ಬಾಡಿಗಿಗೇ ಹೋಗತೈತಲ್ಲ" ಅಂದೆ. "ಇಲ್ಲಿ ನನಗ ಗ್ಯಾಲರಿ ಬ್ಯಾಡೋ, ಒಂದು ಗ್ವಾಡಿ ಬೇಕು. ಅದೂ ಇಲ್ಲ" ಅಂದಳು. ಈ ಮಾತಿಗೆ ಉತ್ತರ ಕೊಡೋಕೆ ಆಗಲಿಲ್ಲ, ಅದಕ್ಕೇ ಲೆಕ್ಕ ಹಾಕೋಕೆ ಕೂತೆ.

ಹುಬ್ಬಳ್ಳಿಗೆ ಹೊಸ ಆಲೋಚನೆಗಳಿಗೆ ಜಾಗ ಕೊಡೋದು ಗೊತ್ತಿಲ್ಲ ಅಂತ ಅಲ್ಲ. 2018ರಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್‌ನ ದೊಡ್ಡ ಇನ್‌ಕ್ಯುಬೇಷನ್ ಕೇಂದ್ರ ಇಲ್ಲಿ ಶುರುವಾದಾಗ ರತನ್ ಟಾಟಾ, ನಾರಾಯಣಮೂರ್ತಿ ಇಬ್ಬರೂ ಬಂದಿದ್ದರು. ಒಂದು ಆ್ಯಪ್ ಮಾಡ್ತೀನಿ ಅಂದ್ರೆ ಮೇಜು, ಕುರ್ಚಿ, ಇಂಟರ್ನೆಟ್, ಸಲಹೆ ಎಲ್ಲಾ ಸಿಗೋ ಊರು ಇದು. ಶಿಲ್ಪ ಮಾಡ್ತೀನಿ ಅಂದ್ರೆ ಮಾತ್ರ "ಮನ್ಯಾಗ ಮಾಡ್ಕೋ" ಅಂತೀವಿ.

ಹಂಗಂತ ಇದು ಪರದೇಶದಿಂದ ಬಂದ ಕಲ್ಪನೆ ಅಂತ ತಿಳ್ಕೋಬ್ಯಾಡ್ರಿ. ನಮ್ಮ ಸುತ್ತಮುತ್ತಲೇ ಇದರ ನಾಲ್ಕು ಹಳೆ ಮಾದರಿಗಳಿವೆ, ನಾವು ಅವಕ್ಕೆ ರೆಸಿಡೆನ್ಸಿ ಅಂತ ಹೆಸರಿಟ್ಟಿಲ್ಲ ಅಷ್ಟೇ.

ಮೊದಲನೇದು ಬಮ್ಮಾಪುರ ಓಣಿ ಕಡೆಯ ಚಿತ್ರಗಾರ ಮನೆತನಗಳು. ಗಣೇಶ ಚೌತಿಗೆ ತಿಂಗಳುಗಟ್ಟಲೆ ಮೊದಲೇ ಇಡೀ ಮನೆ ಸ್ಟುಡಿಯೋ ಆಗತೈತಿ. ಪಡಸಾಲೆಯಲ್ಲಿ ಮಣ್ಣು, ಅಟ್ಟದ ಮೇಲೆ ಒಣಗೋ ಮೂರ್ತಿ, ಅಂಗಳದಲ್ಲಿ ಬಣ್ಣ. ಒಬ್ಬರು ಮಣ್ಣು ಹದ ಮಾಡಿದರೆ ಇನ್ನೊಬ್ಬರು ಕೈಕಾಲು ಕೂಡಿಸ್ತಾರೆ, ಕಣ್ಣು ಬರೆಯೋದು ಹಿರಿಯರ ಕೆಲಸ. ಬಂಡವಾಳದ ಲೆಕ್ಕನೂ ನೋಡ್ರಿ: ಮಂಡಳಿಯವರು ಮುಂಗಡ ಕೊಡ್ತಾರೆ, ಅದರಲ್ಲೇ ಮಣ್ಣು, ಬಣ್ಣ ಬರತೈತಿ. ಅಂದ್ರೆ ಗಿರಾಕಿಯೇ ಸ್ಟುಡಿಯೋಗೆ ದುಡಿಯೋ ಬಂಡವಾಳ ಹಾಕ್ತಾನೆ. ಇಂಥ ಮನೆಗಳು ನಗರದ ನಡುವೆ ಇರೋದಕ್ಕೆ ಕಾರಣ ಸಾದಾ. ಮೂರ್ತಿ ಒಯ್ಯೋ ಗಿರಾಕಿ ನಡುಪೇಟೆಯಲ್ಲೇ ಇದ್ದಾನೆ.

ಎರಡನೇದು ಕಂಪನಿ ನಾಟಕ. ನಮ್ಮ ಅಜ್ಜಿಯ ಕಾಲದವರಿಗೆ ಕೇಳ್ರಿ, ಹುಬ್ಬಳ್ಳಿಯಲ್ಲಿ ಕಂಪನಿ ಕ್ಯಾಂಪ್ ಹಾಕಿತು ಅಂದ್ರೆ ತಿಂಗಳಾನುಗಟ್ಟಲೆ ಊರಿಗೆ ಹಬ್ಬ. ಏಣಗಿ ಬಾಳಪ್ಪನವರು ಕಟ್ಟಿದ ಕಲಾವೈಭವ ನಾಟ್ಯ ಸಂಘದಂಥ ಕಂಪನಿಗಳಲ್ಲಿ ನಟ, ನಟಿ, ಪೇಟಿ ಮಾಸ್ತರ, ತಬಲಾದವರು, ಪರದೆ ಬರೆಯೋ ಚಿತ್ರಗಾರರು, ಬಡಗಿ, ಅಡಿಗೆಯವರು ಎಲ್ಲಾ ಒಂದೇ ಬಿಡಾರ. ಬೆಳಿಗ್ಗೆ ತಾಲೀಮು, ರಾತ್ರಿ ಆಟ. ಊಟ ಕಂಪನಿಯದ್ದು. ಇದಕ್ಕಿಂತ ದೊಡ್ಡ ಸಹಭಾಗಿತ್ವದ ರೆಸಿಡೆನ್ಸಿ ಯಾವುದು ಹೇಳ್ರಿ? ಆದರೆ ಇದರ ಕೊರತೆನೂ ಅಷ್ಟೇ ದೊಡ್ಡದು. ಆದಾಯ ಪೂರ್ತಿ ಟಿಕೆಟ್ ಮೇಲೆ. ಮಳೆ ಹಿಡಿದು ನಾಲ್ಕು ಆಟ ನಿಂತರೆ ಅಡಿಗೆಮನೆ ಮೊದಲು ಅಲುಗಾಡ್ತಿತ್ತು.

ಮೂರನೇದು ನನಗೆ ಬಹಳ ಇಷ್ಟದ್ದು, ಕುಂದಗೋಳದ ನಾಡಿಗೇರ ವಾಡೆ. ಹುಬ್ಬಳ್ಳಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರಿನ ಕಡೆ ಹೋಗಿ ಬರುವಾಗ ಇಳಿದುಕೊಳ್ಳುತ್ತಿದ್ದ ಮನೆ ಅದು. ಅಲ್ಲೇ ಅವರಿಗೆ ಕುಂದಗೋಳದ ಹುಡುಗ ರಾಮಚಂದ್ರ ಶಿಷ್ಯನಾಗಿ ಸಿಕ್ಕಿದ್ದು, ಆ ಹುಡುಗನೇ ಮುಂದೆ ಸವಾಯಿ ಗಂಧರ್ವರಾಗಿದ್ದು. ಸವಾಯಿ ಗಂಧರ್ವರ ಹತ್ತಿರ ಭೀಮಸೇನ ಜೋಶಿಯವರು ಮನೆಯಲ್ಲೇ ಉಳಿದು, ನೀರು ಹೊತ್ತು, ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ ಬರುತ್ತಿದ್ದರು. ನೋಡ್ರಿ, ಒಬ್ಬರು ಉಳಿದುಕೊಳ್ಳೋ ಶಿಷ್ಯ, ಇನ್ನೊಬ್ಬರು ದಿನದ ಪ್ರಯಾಣ ಮಾಡೋ ಶಿಷ್ಯೆ. ಇವತ್ತಿನ ಸ್ಟುಡಿಯೋಗಳಲ್ಲೂ ಇದೇ ಎರಡು ಥರದ ಜನ ಇರ್ತಾರೆ, ನಿವಾಸಿ ಮತ್ತು ಸದಸ್ಯ. ವಾಡೆಯ ಯಜಮಾನರಿಗೆ ಜಾಗ ಇತ್ತು, ಊಟ ಹಾಕೋ ಶಕ್ತಿ ಇತ್ತು, ಕೇಳೋ ಕಿವಿ ಇತ್ತು. ಬಾಡಿಗೆ ಕೇಳಲಿಲ್ಲ. ಅಂಥ ಯಜಮಾನರು ಎಲ್ಲಾ ಕಾಲಕ್ಕೂ ಸಿಗೋದಿಲ್ಲ ಅನ್ನೋದೇ ಈ ಮಾದರಿಯ ತೊಡಕು. ಅದರ ಸರ್ಕಾರಿ ರೂಪ ಅಂದ್ರೆ ಉಣಕಲ್‌ನಲ್ಲಿರೋ ಗಂಗೂಬಾಯಿ ಹಾನಗಲ್ ಗುರುಕುಲ, ಗುರು-ಶಿಷ್ಯರು ಒಂದೇ ಆವರಣದಲ್ಲಿ ಇದ್ದು ಕಲಿಯಲಿ ಅಂತ ಕಟ್ಟಿದ್ದು. ಅದು ಸಂಗೀತಕ್ಕೆ. ಚಿತ್ರ, ಶಿಲ್ಪ, ವಿಡಿಯೋ ಮಾಡೋರಿಗೆ ಅಂಥದ್ದು ನಮ್ಮ ಪೇಟೆಯ ನಡುವೆ ಬೇಕು ಅನ್ನೋದು ನನ್ನ ವಾದ.

ನಾಲ್ಕನೇದು ಧಾರವಾಡದ ಅಟ್ಟ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ. ಕೀರ್ತಿನಾಥ ಕುರ್ತಕೋಟಿಯವರು ಅಲ್ಲಿ ಸಲಹೆಗಾರರು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಹೋದರೆ ಪುಸ್ತಕದ ರಾಶಿ, ಹರಟೆ, ಹಸ್ತಪ್ರತಿ. ನಾನು ಮೇಲಂತಸ್ತು ಮೇಲಂತಸ್ತು ಅಂತ ಬಡ್ಕೊಳ್ತೀನಲ್ಲ, ಅದಕ್ಕೆ ಸಾಕ್ಷಿ ಈ ಅಟ್ಟ. ಪೇಟೆಯ ನಡುವಿನ ಒಂದು ಸಣ್ಣ ಮೇಲಿನ ಕೋಣೆಗೆ ಜನ ದಶಕಗಟ್ಟಲೆ ಬಂದು ಹೋದರೆ ಏನಾಗಬಹುದು ಅನ್ನೋದಕ್ಕೆ ಕನ್ನಡದಲ್ಲಿ ಬೇರೆ ಉದಾಹರಣೆ ಹುಡುಕಬೇಕಿಲ್ಲ. ಎರಡು ಸಂಗತಿ ಗಮನಿಸ್ರಿ. ಅಲ್ಲಿ ಒಂದು ನಿಜವಾದ ವ್ಯವಹಾರ ಇತ್ತು, ಪುಸ್ತಕ ಮಾರೋದು. ಮತ್ತೆ ಅದು ಬಸ್ಸಿನಿಂದ ಇಳಿದು ನಡೆದು ಹೋಗುವಷ್ಟು ಹತ್ತಿರ ಇತ್ತು. ಊರ ಹೊರಗೆ ಮೂರು ಎಕರೆ ಸುಂದರ ಕ್ಯಾಂಪಸ್ ಕಟ್ಟಿದ್ದರೆ ಸುಮ್ಮನೆ ಹಾದು ಹೋಗೋರು ಯಾರು ಹತ್ತಿ ಬರ್ತಿದ್ದರು?

ಈಗ ಬೆಂಗಳೂರಿಗೆ ಬರೋಣ. ಶಾಂತಿನಗರದ ಒನ್ ಶಾಂತಿರೋಡ್ ಹೆಸರು ಕೇಳಿರಬಹುದು. ಕಲಾವಿದ ಮತ್ತು ಕಲಾ ಇತಿಹಾಸಕಾರ ಸುರೇಶ್ ಜಯರಾಮ್ 2003ರಲ್ಲಿ ತಮ್ಮ ಮನೆಯನ್ನೇ ಸ್ಟುಡಿಯೋ, ಗ್ಯಾಲರಿ, ರೆಸಿಡೆನ್ಸಿಯಾಗಿ ತೆರೆದರು. ವಾಸ್ತುಶಿಲ್ಪಿ ಮೀತಾ ಜೈನ್ ಅದನ್ನ ಒಂದು ಬಾದಾಮಿ ಮರದ ಸುತ್ತ ವಿನ್ಯಾಸ ಮಾಡಿದರು. ಹೊರದೇಶದ, ಹೊರರಾಜ್ಯದ ಕಲಾವಿದರು ಬಂದು ಉಳಿಯುತ್ತಾರೆ, ಊರಿನವರು ಬಂದು ಮಾತು, ಪ್ರದರ್ಶನ ಕೇಳಿ ನೋಡಿ ಹೋಗುತ್ತಾರೆ, ಊಟದ ಮೇಜು ಎಲ್ಲರಿಗೂ ಒಂದೇ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಜರ್ಮನಿಯ ಕಲಾವಿದರನ್ನ ನಗರಕ್ಕೆ ಕರೆಸಿ ಇಂಥ ಸ್ಥಳೀಯ ಜಾಗಗಳ ಜೊತೆ ಜೋಡಿಸೋ ರೆಸಿಡೆನ್ಸಿ ಕಾರ್ಯಕ್ರಮ ನಡೆಸುತ್ತದೆ, ಒನ್ ಶಾಂತಿರೋಡ್ ಕೂಡ ಅದರಲ್ಲಿ ಪಾಲುದಾರ ಆಗಿತ್ತು. ಈ ಮಾದರಿ ನಿಂತದ್ದು ಯಾಕೆ ಅಂತ ಕಾಮರ್ಸ್ ಕಣ್ಣಿಂದ ನೋಡಿದರೆ ಮೊದಲ ಕಾರಣ ಒಂದೇ: ಮಾಲೀಕ ಮತ್ತು ನಡೆಸೋನು ಇಬ್ಬರೂ ಒಬ್ಬನೇ. ತಿಂಗಳ ಐದನೇ ತಾರೀಖಿಗೆ ಯಾರೂ ಬಂದು ಬಾಗಿಲು ಬಡಿಯೋದಿಲ್ಲ.

ಮನೆ ಇಲ್ಲದವರು ಏನು ಮಾಡಿದರು? 2009ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ 'ಸಮೂಹ' ಅಂತ ಒಂದು ಪ್ರಯೋಗ ನಡೀತು. ಇಪ್ಪತ್ತಕ್ಕೂ ಹೆಚ್ಚು ಕಲಾವಿದರು ಕೂಡಿ ಒಂದು ಜಾಗ ಬಾಡಿಗೆಗೆ ಹಿಡಿದು, ಒಬ್ಬೊಬ್ಬರಿಗೆ ಇಂತಿಷ್ಟು ದಿನ ಅಂತ ಹಂಚಿಕೊಂಡರು. ಆ ದಿನಗಳ ಬಾಡಿಗೆ ಅವರದ್ದು, ಆ ದಿನಗಳಲ್ಲಿ ಗೋಡೆನೂ ಅವರದ್ದು. ಒಂದು ವರ್ಷಕ್ಕೆ ಸ್ವಲ್ಪ ಮೇಲೆ ನಡೆದು, ಮೊದಲೇ ಹೇಳಿದಂಗೆ ಮುಗೀತು. "ಮುಗೀತು" ಅಂದ್ರೆ ಸೋತಿತು ಅಂತ ಅಲ್ಲ ರೀ. ಮುಗಿಯೋ ತಾರೀಖು ಮೊದಲೇ ಗೊತ್ತಿದ್ದರೆ ಜನ ಒಪ್ಪಿಕೊಳ್ಳೋದು ಸುಲಭ. ಚಿಟ್ ಫಂಡ್ ಹಾಕಿದವರಿಗೆ ಈ ಮಾತು ಅರ್ಥ ಆಗತೈತಿ.

ದೆಹಲಿಯ ಖೋಜ್ ಇನ್ನೊಂದು ದಾರಿ. 1997ರಲ್ಲಿ ಕಲಾವಿದರೇ ಕೂಡಿ ಒಂದು ಕಾರ್ಯಾಗಾರವಾಗಿ ಶುರು ಮಾಡಿದರು, ಆಮೇಲೆ ದಕ್ಷಿಣ ದೆಹಲಿಯ ಖಿಡ್ಕಿ ಅನ್ನೋ ಹಳ್ಳಿಯಲ್ಲಿ ಸ್ಟುಡಿಯೋ ಮಾಡಿಕೊಂಡರು. ಹಳ್ಳಿ ಅಂದ್ರೆ ಈಗ ಎದುರಿಗೇ ದೊಡ್ಡ ಮಾಲ್‌ಗಳು, ಒಳಗೆ ಗಲ್ಲಿ. ಗಲ್ಲಿಯವರ ಜೊತೆ ಕೆಲಸ ಮಾಡೋದೇ ಅವರ ಕಲೆಯ ಭಾಗ ಆಯ್ತು. ದುರ್ಗದಬೈಲಿನಲ್ಲಿ ಸ್ಟುಡಿಯೋ ಆದರೆ ಕೆಳಗಿನ ಪಾತ್ರೆ ಅಂಗಡಿಯವರು, ಕಂಚಗಾರ ಗಲ್ಲಿಯ ಲೋಹದ ಕೆಲಸದವರು, ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟ ಬೋರ್ಡ್ ಪೇಂಟರ್‌ಗಳು ಇವರೆಲ್ಲಾ ಬರೀ ನೋಡೋಕೆ ಬರೋರಲ್ಲ. ಶಿಲ್ಪಿಗೆ ಬೆಸುಗೆ ಕಲಿಸೋಕೆ ಅವರಿಗಿಂತ ಒಳ್ಳೆ ಮಾಸ್ತರ ಸಿಗೋದಿಲ್ಲ.

ಸರಿ, ಲೆಕ್ಕಕ್ಕೆ ಬರೋಣ. ಇವು ನಾನು ಉದಾಹರಣೆಗೆ ಇಟ್ಟುಕೊಂಡ ಅಂಕಿ, ಮಾರುಕಟ್ಟೆ ದರ ಅಂತ ಹಿಡ್ಕೋಬ್ಯಾಡ್ರಿ. ಒಂದು ಮೇಲಂತಸ್ತು, 1,200 ಚದರಡಿ, ತಿಂಗಳ ಬಾಡಿಗೆ ₹15,000. ಕರೆಂಟು, ನೀರು, ಇಂಟರ್ನೆಟ್ ₹3,000. ಕಸ ಗುಡಿಸೋದು, ಶೌಚಾಲಯ ತೊಳೆಯೋದು ₹1,500. ದುರಸ್ತಿ ನಿಧಿ ₹1,500. ಒಟ್ಟು ₹21,000. ಆರು ಜನ ಕೂಡಿದರೆ ತಲೆಗೆ ₹3,500. ಒಂದು ಲಕ್ಷ ಡಿಪಾಸಿಟ್ ಅಂದ್ರೆ ತಲೆಗೆ ಹದಿನೇಳು ಸಾವಿರದ ಹತ್ತಿರ. ಬೆಂಗಳೂರಿನಲ್ಲಿ ಪಿಜಿಯ ಒಂದು ಮಂಚಕ್ಕೆ ಕೊಡೋ ದುಡ್ಡಿನ ಮುಂದೆ ಇದೇನು ಅಲ್ಲ ಅನ್ನಿಸಬಹುದು.

ತಡೀರಿ. ಅಪಾಯ ಇರೋದು ಇಲ್ಲೇ. ಒಬ್ಬರು ಮದುವೆ ಆಗಿ ಊರು ಬಿಟ್ಟರು ಅಂತ ಇಟ್ಕೊಳ್ರಿ, ಉಳಿದವರಿಗೆ ತಲೆಗೆ ₹4,200. ಇನ್ನೊಬ್ಬರಿಗೆ ಕೆಲಸ ಹೋಯ್ತು, ₹5,250. ಆಗ ಮೂರನೆಯವರು ತಾವಾಗಿ ಬಿಡ್ತಾರೆ. ಕೂಡಿ ನಡೆಸೋ ಜಾಗಗಳು ಜಗಳದಿಂದ ಮುಚ್ಚಿದವು ಅಂತ ಜನ ಹೇಳ್ತಾರೆ. ನನ್ನ ಅನಿಸಿಕೆ ಬೇರೆ: ಮೊದಲು ಈ ಭಾಗಾಕಾರ ಕೆಡತೈತಿ, ಜಗಳ ಆಮೇಲೆ ಬರತೈತಿ. ಅದಕ್ಕೆ ಎರಡು ಮದ್ದು. ಒಂದು, ಶುರುವಿನಲ್ಲೇ ಮೂರು ತಿಂಗಳ ಬಾಡಿಗೆ ಬೇರೆ ತೆಗೆದಿಡೋದು, ಮತ್ತೆ ಬಿಟ್ಟು ಹೋಗೋರು ಎರಡು ತಿಂಗಳ ಮೊದಲು ಹೇಳಬೇಕು ಅಂತ ಬರೆದಿಡೋದು. ಎರಡು, ಜಾಗವೇ ಸ್ವಲ್ಪ ದುಡಿಯಬೇಕು. ಭಾನುವಾರ ಮಕ್ಕಳ ಚಿತ್ರಕಲಾ ತರಗತಿ, ಹದಿನೈದು ಮಕ್ಕಳು, ತಿಂಗಳಿಗೆ ₹600. ಒಟ್ಟು ₹9,000. ಅರ್ಧ ಕಲಿಸಿದವರಿಗೆ, ಅರ್ಧ ಜಾಗಕ್ಕೆ. ಆಗ ಆರು ಜನರ ಪಾಲು ₹2,750ಕ್ಕೆ ಇಳಿಯತೈತಿ. ಹೊರಊರಿನ ಕಲಾವಿದರಿಗೆ ಒಂದು ಸಣ್ಣ ಕೋಣೆ ಇಟ್ಟು ಅದರಿಂದ ಏನಾದರೂ ಬಂದರೆ ಅದು ಉಪ್ಪಿನಕಾಯಿ, ಊಟ ಅಲ್ಲ. ರೆಸಿಡೆನ್ಸಿಯ ದುಡ್ಡನ್ನ ನಂಬಿ ಬಾಡಿಗೆ ಹಿಡೀಬ್ಯಾಡ್ರಿ.

ಈಗ ಕಟ್ಟಡದ ಮಾಲೀಕರ ಮಾತು. ನಮ್ಮ ಕಾಕಾನ ಅಂಗಡಿ ಇಲ್ಲೇ ಹತ್ತಿರದಲ್ಲಿ ಐತಿ, ಮೇಲೆ ಎರಡು ಖಾಲಿ ಕೋಣೆ. "ಬಾಡಿಗಿ ಕೊಡಬಾರದೇನ್ ಕಾಕಾ?" ಅಂತ ಕೇಳಿದೆ. "ಖಾಲಿ ಇದ್ರ ಅದೇನ್ ಉಣ್ಣಾಕ ಕೇಳ್ತೈತೇನೋ ತಮ್ಮಾ? ಕೊಟ್ಟು ಬಿಡಿಸ್ಕೊಳ್ಳೋದ್ರಾಗ ಜೀವ ಹೋಗ್ತೈತಿ" ಅಂದ. ಹಳೆ ಪೇಟೆಯ ಮಾಲೀಕರ ಭಯ ಪೂರ್ತಿ ಇದರಲ್ಲೇ ಐತಿ. ಹತ್ತಾರು ವರ್ಷ ಹಳೇ ಬಾಡಿಗೆಯಲ್ಲೇ ಕೂತು ಕೋರ್ಟು ಹತ್ತಿದ ಕಥೆಗಳನ್ನ ಅವರು ಕೇಳಿಕೊಂಡೇ ಬೆಳೆದವರು. ಅವರನ್ನ ಕಲೆಯ ಮಹತ್ವ ಹೇಳಿ ಒಪ್ಪಿಸೋಕೆ ಹೋಗಬಾರದು. ಕಾಗದ ತೋರಿಸಬೇಕು.

ಕಾಗದ ಅಂದ್ರೆ ಏನು? ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರು. ಯಾಕೆ ಹನ್ನೊಂದು ಅಂದ್ರೆ, 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯನ್ನ ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು, ಖರ್ಚು ಜಾಸ್ತಿ. ಮಾಲೀಕರಿಗೆ ಹನ್ನೊಂದು ತಿಂಗಳು ನೆಮ್ಮದಿ. ಕಲಾವಿದರಿಗೆ ಅದೇ ತಲೆನೋವು, ಯಾಕಂದ್ರೆ ಸ್ವಂತ ದುಡ್ಡಿನಲ್ಲಿ ಸುಣ್ಣ, ವೈರಿಂಗ್ ಮಾಡಿಸಿ ವರ್ಷದೊಳಗೆ ಬಿಡಬೇಕಾಗಬಹುದು. ನನ್ನ ಸಲಹೆ: ಸುರಕ್ಷತೆಗೆ ಬೇಕಾದಷ್ಟು ಮಾತ್ರ ಮೊದಲ ವರ್ಷ ಖರ್ಚು ಮಾಡ್ರಿ, ದೊಡ್ಡ ದುರಸ್ತಿ ಇದ್ದರೆ ಮೂರು ವರ್ಷದ ನೋಂದಾಯಿತ ಗುತ್ತಿಗೆ ಕೇಳ್ರಿ, ದುರಸ್ತಿ ಖರ್ಚು ಬಾಡಿಗೆಯಲ್ಲಿ ಕಳೆಯೋ ಹಂಗ ಬರೆಸ್ರಿ. ಕರೆಂಟಿನ ಮೀಟರ್ ಯಾರ ಹೆಸರಲ್ಲಿ ಐತಿ, ಹೆಸ್ಕಾಂನ ಮನೆ ದರವೋ ವಾಣಿಜ್ಯ ದರವೋ ಅನ್ನೋದು ಮೊದಲೇ ನೋಡ್ಕೊಳ್ರಿ. ತರಗತಿ ನಡೆಸಿದರೆ ಅದು ಮನೆ ಬಳಕೆ ಆಗೋದಿಲ್ಲ.

ಕರಾರು ಯಾರ ಹೆಸರಿನಲ್ಲಿ? ಆರು ಗೆಳೆಯರು ಸುಮ್ಮನೆ ಕೂಡಿ ಒಬ್ಬರ ಹೆಸರಿಗೆ ಮಾಡಿದರೆ ಆ ಒಬ್ಬರ ತಲೆ ಮೇಲೆ ಎಲ್ಲಾ ಸಾಲ. ಪಾಲುದಾರಿಕೆ ಸಂಸ್ಥೆ ಮಾಡಿದರೆ 1932ರ ಕಾಯ್ದೆ ಪ್ರಕಾರ ಒಬ್ಬರು ಮಾಡಿದ ಸಾಲಕ್ಕೆ ಎಲ್ಲರೂ ಸ್ವಂತ ಆಸ್ತಿಯಿಂದ ಹೊಣೆ. ಇಂಥ ಕೆಲಸಕ್ಕೆ ಸಂಘ ಒಳ್ಳೇದು ಅಂತ ನನಗನ್ನಿಸೋದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು. ನಮ್ಮ ಲೆಕ್ಕದಲ್ಲಿ ಆರು ಜನ, ಏಳನೆಯವರಾಗಿ ಕಾಕಾನಂಥ ಒಬ್ಬ ಅನುಮಾನದ ಮನುಷ್ಯನನ್ನ ಖಜಾಂಚಿ ಮಾಡ್ರಿ, ಲೆಕ್ಕ ಸರಿಯಾಗಿ ಇರತೈತಿ. ನೋಂದಣಿ ಇದ್ದರೆ ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ತೆಗೀಬಹುದು, ಅನುದಾನಕ್ಕೆ ಅರ್ಜಿ ಹಾಕಬಹುದು. ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನ ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳತೈತಿ. ಆ ಪಟ್ಟಿಯಲ್ಲಿ ಶಾಲೆ, ಆಸ್ಪತ್ರೆ ಅಷ್ಟೇ ಅಲ್ಲ, ಕಲೆ, ಸಂಸ್ಕೃತಿ, ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರನೂ ಐತಿ. ಇದನ್ನ ಕೇಳೋರು ಕಡಿಮೆ.

ಕಾನೂನಿಗಿಂತ ಮೊದಲು ನೋಡಬೇಕಾದ್ದು ಮೆಟ್ಟಿಲು. ಹಳೆ ಕಟ್ಟಡದ ಮೆಟ್ಟಿಲು ಎಷ್ಟು ಕಡಿದು ಅಂದ್ರೆ ಆರಡಿ ಕ್ಯಾನ್ವಾಸ್ ತಿರುವಿನಲ್ಲಿ ಸಿಕ್ಕೊಳ್ಳತೈತಿ. ಮರದ ತೊಲೆ, ಮಣ್ಣಿನ ಮಾಳಿಗೆ ಇದ್ದರೆ ಕಲ್ಲಿನ ಶಿಲ್ಪ ಮೇಲೆ ಒಯ್ಯೋ ಆಸೆ ಬಿಡ್ರಿ, ಮೊದಲು ಒಬ್ಬ ಇಂಜಿನಿಯರ್ ತೋರಿಸ್ರಿ. ಟರ್ಪೆಂಟೈನ್, ಥಿನ್ನರ್ ಬೆಂಕಿ ಹಿಡಿಯೋ ಸಾಮಾನು, ಕೆಳಗೆ ಬಟ್ಟೆ ಅಂಗಡಿ. ಇದನ್ನ ಹಗುರ ತಗೋಬಾರದು. ಹೊರಗೆ ಹೋಗೋಕೆ ಎರಡನೇ ದಾರಿ ಇಲ್ಲದ ಜಾಗದಲ್ಲಿ ನಾನಂತೂ ಯಾರನ್ನೂ ರಾತ್ರಿ ಉಳಿಸೋದಿಲ್ಲ, ಅಲ್ಲಿ ಹಗಲಿನ ಸ್ಟುಡಿಯೋ ಮಾಡಿ, ಉಳಿಯೋ ವ್ಯವಸ್ಥೆ ಬೇರೆ ಮನೆಯಲ್ಲಿ ಮಾಡಬೇಕು. ಇನ್ನು ಶೌಚಾಲಯ. ಗೆಳತಿ ಜೊತೆ ಎರಡು ಜಾಗ ನೋಡೋಕೆ ಹೋದಾಗ ಅವಳು ಬೆಳಕು ನೋಡಲಿಲ್ಲ, ಗೋಡೆ ನೋಡಲಿಲ್ಲ, ಸೀದಾ ಶೌಚಾಲಯದ ಬಾಗಿಲು ತೆಗೆದಳು, ಚಿಲಕ ಹಾಕಿ ನೋಡಿದಳು. ಮೆಟ್ಟಿಲಿಗೆ ದೀಪ ಐತೇನು ಅಂತ ಕೇಳಿದಳು. ಮೊದಲನೇ ಕಟ್ಟಡಕ್ಕೆ ಚಿಲಕ ಇರಲಿಲ್ಲ, ಎರಡನೇದಕ್ಕೆ ದೀಪ ಇರಲಿಲ್ಲ. ಎರಡೂ ಸೇರಿ ಸಾವಿರ ರೂಪಾಯಿ ಒಳಗಿನ ಕೆಲಸ. ಅಷ್ಟಕ್ಕೆ ಅರ್ಧದಷ್ಟು ಕಲಾವಿದರು ಹೊರಗೆ ಉಳೀತಾರೆ.

ಒಂದು ಕಹಿ ಮಾತೂ ಹೇಳಬೇಕು. ನ್ಯೂಯಾರ್ಕ್‌ನ ಸೋಹೋ ಅನ್ನೋ ಭಾಗದಲ್ಲಿ 1960ರ ದಶಕದಲ್ಲಿ ಖಾಲಿ ಬಿದ್ದ ಕಾರ್ಖಾನೆಗಳ ಅಂತಸ್ತುಗಳಿಗೆ ಕಲಾವಿದರು ಬಂದರು. ಬಾಡಿಗೆ ಅಗ್ಗ, ಕಿಟಕಿ ದೊಡ್ಡದು. ಅವರಿಂದ ಆ ಓಣಿಗೆ ಕಳೆ ಬಂತು, ಗ್ಯಾಲರಿ ಬಂತು, ಹೋಟೆಲ್ ಬಂತು, ಕೊನೆಗೆ ದುಬಾರಿ ಬಟ್ಟೆ ಅಂಗಡಿ ಬಂತು. 1982ರಲ್ಲಿ ಅಂಥ ಅಂತಸ್ತುಗಳಲ್ಲಿ ಇದ್ದವರ ರಕ್ಷಣೆಗೆ ಒಂದು ಕಾನೂನೂ ಆಯ್ತು, ಆದರೂ ಹೊಸ ಕಲಾವಿದರಿಗೆ ಅಲ್ಲಿ ಕಾಲಿಡೋಕೆ ಆಗದಂಗಾಯ್ತು. ದುರ್ಗದಬೈಲಿನಲ್ಲಿ ಇದು ಆಗೋದಿಲ್ಲ ಅಂತ ನಗಬ್ಯಾಡ್ರಿ. ಇಲ್ಲಿ ಬಾಡಿಗೆ ಏರಿದರೆ ಮೊದಲು ಹೋಗೋದು ಕಲಾವಿದರಲ್ಲ, ಮೇಲಂತಸ್ತಿನಲ್ಲಿ ಹೊಲಿಗೆ ಮಷೀನ್ ಇಟ್ಟುಕೊಂಡ ದರ್ಜಿ, ವಾಚ್ ರಿಪೇರಿಯವರು. ಅವರನ್ನ ಎಬ್ಬಿಸಿ ಮಾಡೋ ಸ್ಟುಡಿಯೋ ನನಗೆ ಬ್ಯಾಡ. ನಿಜವಾಗಿ ಖಾಲಿ ಇರೋ ಕೋಣೆಯನ್ನೇ ಹಿಡೀಬೇಕು.

ಬಾಡಿಗೆಯ ಬಲೆ ತಪ್ಪಿಸಿಕೊಂಡವರೂ ಇದ್ದಾರೆ. ಮದ್ರಾಸಿನ ಕಲಾಶಾಲೆಯ ಪ್ರಿನ್ಸಿಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು 1966ರಲ್ಲಿ ಊರ ಹೊರಗೆ ಚೋಳಮಂಡಲ ಕಲಾಗ್ರಾಮ ಕಟ್ಟಿದರು. ದುಡ್ಡು ಎಲ್ಲಿಂದ? ಬಾಟಿಕ್ ಬಟ್ಟೆ, ಕರಕುಶಲ ವಸ್ತು ಮಾಡಿ ಮಾರಿ. ಚಿತ್ರ ಮಾರಾಟ ಆಗೋವರೆಗೆ ಕಾಯಲಿಲ್ಲ. ಭೂಮಿ ತಮ್ಮದೇ ಆದ್ದರಿಂದ ಕಲಾಗ್ರಾಮ ಇವತ್ತಿಗೂ ಐತಿ. ಆಗ ಅದು ಊರ ಹೊರಗೆ, ಭೂಮಿ ಅಗ್ಗ. ನಡುಪೇಟೆಯಲ್ಲಿ ಆರು ಹುಡುಗರು ಕಟ್ಟಡ ಕೊಳ್ಳೋದು ಕನಸಿನ ಮಾತು.

ಹಂಗಾಗಿ ನನ್ನ ಕಣ್ಣು ಮಹಾನಗರ ಪಾಲಿಕೆ ಮೇಲೆ. ಪಾಲಿಕೆಯ ಸ್ವಂತ ಕಟ್ಟಡಗಳಲ್ಲಿ ಒಂದೇ ಒಂದು ಮೇಲಂತಸ್ತನ್ನ ಹರಾಜಿನ ಬದಲು ಐದು ವರ್ಷದ ನಿಗದಿ ಬಾಡಿಗೆಗೆ, ನೋಂದಾಯಿತ ಕಲಾವಿದರ ಸಂಘಕ್ಕೆ ಕೊಟ್ಟರೆ ಸಾಕು. ಪುಕ್ಕಟೆ ಬ್ಯಾಡ, ಪುಕ್ಕಟೆ ಕೊಟ್ಟ ಜಾಗಕ್ಕೆ ಉದ್ಘಾಟನೆಯ ಮರುದಿನದಿಂದ ಬೀಗ. ಪ್ರತಿಯಾಗಿ ವಾರಕ್ಕೆ ಒಂದು ಸಂಜೆ ಬಾಗಿಲು ಎಲ್ಲರಿಗೂ ತೆರೆದಿರಬೇಕು ಅಂತ ಷರತ್ತು ಹಾಕಲಿ. ಗಿರಮಿಟ್ ತಿನ್ನೋಕೆ ಬಂದವರು ಕೈ ಒರೆಸಿಕೊಂಡು ಮೇಲೆ ಹತ್ತಿ ಬರಲಿ.

ಗೆಳತಿ ಬೆಂಗಳೂರಿನ ಟಿಕೆಟ್ ಇನ್ನೂ ತೆಗೆಸಿಲ್ಲ. ಆರು ಜನರಲ್ಲಿ ನಾಲ್ಕು ಜನ ಸಿಕ್ಕಿದ್ದಾರೆ: ಇಬ್ಬರು ಚಿತ್ರದವರು, ಒಬ್ಬ ಆ್ಯನಿಮೇಷನ್ ಹುಡುಗ, ಇನ್ನೊಬ್ಬರು ಹಳೆಯ ಬೋರ್ಡ್ ಪೇಂಟರ್. ನಾಲ್ಕಕ್ಕೆ ಭಾಗ ಹಾಕಿದರೆ ಎಷ್ಟು ಬರತೈತಿ ಅಂತ ನೀವೇ ಮೊಬೈಲಿನಲ್ಲಿ ನೋಡ್ಕೊಳ್ರಿ, ಆಗ ನನ್ನ ಅವಸರ ಯಾಕೆ ಅಂತ ಗೊತ್ತಾಗತೈತಿ. ಮುಂದಿನ ಸಂಚಿಕೆಯಲ್ಲಿ ಒಂದು ಹನ್ನೊಂದು ತಿಂಗಳ ಕರಾರುಪತ್ರವನ್ನ ವಕೀಲರೊಬ್ಬರ ಜೊತೆ ಕೂತು ಸಾಲು ಸಾಲಾಗಿ ಓದೋಣ, ಡಿಪಾಸಿಟ್ ವಾಪಸ್ ಬರೋ ಸಾಲಿನಿಂದ ಶುರು ಮಾಡಿ. ಸಿಗೋಣ ರೀ.